ಆಮೆಯ ಬೆನ್ನ ಮೇಲಿನ ಬಿಸಿಲು

ಜನವರಿ ೯

ತಮ್ಮಾ,

‘ನಾವೆಲ್ಲ ಚೆನ್ನಾಗಿದ್ದೇವೆ’ ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲಿನ ಗೀಚು ಅದೇ. ಸುಳ್ಳಿನಿಂದ ಕಾಗದ ಶುರು ಮಾಡುವುದು ಬೇಡ ಅನ್ನಿಸಿತು. ನೇರ ವಿಷಯಕ್ಕೆ ಬರುತ್ತೇನೆ. ನನಗೆ ಸೋಲಾರ್ ಬೇಕು. ಮನೆಗಲ್ಲ, ಗಾಡಿಗೆ.

ನಗಬೇಡ. ನಿನ್ನ ಭಾವ ಒಂದು ಹಳೆಯ ಸ್ಕೂಲ್ ವ್ಯಾನ್ ತಂದು ಅಂಗಳದಲ್ಲಿ ನಿಲ್ಲಿಸಿದ್ದಾರೆ. ಸೀಟುಗಳನ್ನೆಲ್ಲ ಕಿತ್ತು, ಅಡ್ಡಕ್ಕೆ ಒಂದು ಹಲಗೆ ಮಂಚ, ಮೂಲೆಯಲ್ಲಿ ಒಲೆ, ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ, ಎಲ್ಲ ಆಗಿದೆ. ಮನೆಯನ್ನು ಬೆನ್ನ ಮೇಲೆ ಹೊತ್ತು ನಿಧಾನಕ್ಕೆ ಹೋಗುತ್ತದೆ ಅಂತ ಅದಕ್ಕೆ ‘ಆಮೆ’ ಎಂದು ಹೆಸರಿಟ್ಟಿದ್ದಾರೆ. ಬಸ್ಸು ಓಡಿಸಿದ ಮನುಷ್ಯ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಬೇಕಲ್ಲ.

ಸಂಗತಿ ಅಷ್ಟೇ ಆಗಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ಅವರ ಶ್ವಾಸಕೋಶ ಗಟ್ಟಿಯಾಗುತ್ತಾ ಬರುತ್ತಿದೆ. ಡಾಕ್ಟರು ಚಿತ್ರ ತೋರಿಸಿ ಹೇಳಿದರು. ಮೆತ್ತಗಿರಬೇಕಾದದ್ದು ಒಣಗಿದ ಸ್ಪಂಜಿನ ಹಾಗೆ ಆಗಿದೆಯಂತೆ, ಹಿಂದಕ್ಕೆ ಬರುವುದಿಲ್ಲವಂತೆ. ಹಗಲು ಕೂತಿದ್ದರೆ ಹೇಗೋ ನಡೆಯುತ್ತದೆ. ರಾತ್ರಿ ಪೂರ್ತಿ ಆಕ್ಸಿಜನ್ ಮಷಿನ್ ಬೇಕು. ಗೋಡೆಗೆ ಚುಚ್ಚಿದರೆ ಗಾಳಿಯನ್ನು ಸೋಸಿ ಮೂಗಿಗೆ ಕೊಡುತ್ತದಲ್ಲ, ಆ ಪೆಟ್ಟಿಗೆ. ಕರೆಂಟು ಹೋದರೆ ಅದೂ ಹೋಯಿತು.

ಅವರ ಬಸ್ಸಿನ ಕೊನೆ ಸ್ಟಾಪ್ ನಿನಗೆ ನೆನಪಿರಬಹುದು. ಅಲ್ಲಿ ರಸ್ತೆ ಮುಗಿಯುವುದಿಲ್ಲ, ಗುಡ್ಡ ಹತ್ತಿ ಆಚೆ ಇಳಿಯುತ್ತದೆ. ಅಲ್ಲೊಂದು ದೊಡ್ಡ ಕೆರೆ ಇದೆಯಂತೆ. ಕೆಲಸದ ವರ್ಷಗಳಷ್ಟೂ ಜನ ಅಲ್ಲಿ ಇಳಿದು ಆ ಕಡೆ ನಡೆದು ಹೋಗುವುದನ್ನು ನೋಡುತ್ತಾ ಇವರು ಬಸ್ಸು ತಿರುಗಿಸಿಕೊಂಡು ಬಂದಿದ್ದಾರೆ. "ಒಂದ್ಸಲ ತಿರುಗಿಸ್ದೆ ಮುಂದಕ್ಕೆ ಹೋಗ್ಬೇಕು ಕಣೇ, ಆ ನೀರಿನ ಪಕ್ಕ ಒಂದ್ ರಾತ್ರಿ ಮಲಗ್ಬೇಕು" ಅನ್ನುತ್ತಾರೆ. ಅಲ್ಲಿ ಕರೆಂಟಿನ ಕಂಬವೇ ಇಲ್ಲ.

ಫೋನ್ ಮಾಡಬೇಡ. ಮಿಲ್ಲಿನ ಮಗ್ಗಗಳು ನನ್ನ ಕಿವಿಯನ್ನು ತಿಂದು ಹಾಕಿವೆ, ನೀನು ಕಿರುಚುವುದು, ನಾನು "ಆಂ?" ಅನ್ನುವುದು, ಪಕ್ಕದ ಮನೆಯವರಿಗೆಲ್ಲ ನಮ್ಮ ಕಥೆ ತಿಳಿಯುವುದು. ಮೊಬೈಲಿನಲ್ಲಿ ಬೆರಳಿಂದ ಕುಟ್ಟಿ ಬರೆಯುವುದು ನನಗೆ ಆಗಿಬರುವುದಿಲ್ಲ. ನಮಗೆ ಕಾಗದವೇ ಸರಿ.

ನೀನು ಊರೂರಿಗೆ ಸೋಲಾರ್ ಹಾಕುವವನು. ಈ ಗಾಡಿಯ ಮೇಲೆ ಏನು ಹಾಕಿದರೆ ನಿನ್ನ ಭಾವ ಒಂದು ರಾತ್ರಿ ಉಸಿರಾಡುತ್ತಾರೆ, ಹೇಳು.

ನಿನ್ನ ಅಕ್ಕ


ಜನವರಿ ೨೧

ಅಕ್ಕ,

ನಿನ್ನ ಕಾಗದ ಬಂದ ದಿನ ನಾನೊಂದು ಕೋಳಿ ಫಾರಂನ ಶೀಟಿನ ಮೇಲಿದ್ದೆ. ಕೆಳಗಿಳಿದು, ಕೈ ಒರೆಸಿಕೊಂಡು ಓದಿದೆ. ಆಮೇಲೆ ಮತ್ತೆ ಹತ್ತಲಿಲ್ಲ, ಮನೆಗೆ ಬಂದುಬಿಟ್ಟೆ.

ಇಷ್ಟು ಜೋರಾಗಿದೆ ಅಂತ ನನಗೆ ಯಾರೂ ಹೇಳಲಿಲ್ಲ. ಹೇಳುವಂಥ ದಾರಿಯನ್ನು ನಾನೂ ಇಟ್ಟಿರಲಿಲ್ಲ ಬಿಡು.

ಕೆಲಸದ ಮಾತಿಗೆ ಬರುತ್ತೇನೆ. ದೀಪ, ಫ್ಯಾನು, ಸಣ್ಣ ಫ್ರಿಜ್ಜು ಇವೆಲ್ಲ ಮಕ್ಕಳ ಹೊಟ್ಟೆ, ಒಂದು ಪ್ಯಾನೆಲ್ಲಿನಲ್ಲಿ ತುಂಬುತ್ತದೆ. ನಿಜವಾದ ಹಸಿವು ಆ ಮಷಿನ್ನಿನದು. ಅದು ಹೆಚ್ಚುಕಡಿಮೆ ಮೂರು ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ರಾತ್ರಿಯಿಡೀ ಓಡಿದರೆ, ಇನ್ವರ್ಟರ್ ಕದಿಯುವುದನ್ನೂ ಸೇರಿಸಿ, ನಾಲ್ಕು ಯೂನಿಟ್ ಅಂದುಕೋ. ಅಷ್ಟನ್ನು ಹಗಲು ಹಿಡಿದಿಟ್ಟು ರಾತ್ರಿಗೆ ಕೊಡಬೇಕು.

ಬ್ಯಾಟರಿಯಲ್ಲಿ ನೀರು ಹಾಕುವ ಹಳೇ ಬಗೆ ಬೇಡ. ಕಲ್ಲಿನಂಥ ಭಾರ, ಅದರಲ್ಲಿ ಅರ್ಧ ಮಾತ್ರ ಬಳಸಬಹುದು, ಪೂರ್ತಿ ಹೀರಿದರೆ ಬೇಗ ಸಾಯುತ್ತದೆ. ಲಿಥಿಯಂ ಹಾಕೋಣ, ಐದು ಯೂನಿಟ್ ಹಿಡಿಸುವಂಥದ್ದು. ಅದನ್ನು ತುಂಬಿಸಲು ದೊಡ್ಡ ಪ್ಯಾನೆಲ್ ಮೂರಾದರೂ ಬೇಕು, ಅದೂ ಒಳ್ಳೆಯ ಬಿಸಿಲಿದ್ದರೆ. ಗಾಡಿ ಓಡುವಾಗ ಎಂಜಿನ್ನಿನಿಂದಲೂ ಸ್ವಲ್ಪ ತುಂಬುವ ಹಾಗೆ ಮಾಡಬಹುದು.

ಪ್ಯಾನೆಲ್ಲಿನಲ್ಲಿ ಎರಡು ದಾರಿ ಇವೆ. ಒಂದು, ಚಾವಣಿಗೆ ಬೋಲ್ಟ್ ಹಾಕಿ ಕೂರಿಸುವುದು. ಹಾಕಿ ಮರೆತುಬಿಡಬಹುದು. ಆದರೆ ಗಾಡಿ ಬಿಸಿಲಲ್ಲೇ ನಿಲ್ಲಬೇಕು, ಒಳಗೆ ನೀವು ಬೇಯುತ್ತೀರಿ. ಇನ್ನೊಂದು, ಸೂಟ್‌ಕೇಸಿನ ಹಾಗೆ ಮಡಚುವ ಪ್ಯಾನೆಲ್. ಗಾಡಿ ನೆರಳಲ್ಲಿ, ಪ್ಯಾನೆಲ್ ಮಾತ್ರ ಉದ್ದ ವೈರಿನ ತುದಿಯಲ್ಲಿ ಬಿಸಿಲಿಗೆ. ಸೂರ್ಯ ತಿರುಗಿದ ಹಾಗೆ ತಿರುಗಿಸಿಟ್ಟರೆ ಹೆಚ್ಚು ಸಿಗುತ್ತದೆ. ಆದರೆ ದಿನಾ ಎತ್ತಿ ಇಳಿಸಬೇಕು, ಗಾಳಿ ಬಂದರೆ ಓಡಬೇಕು.

ಒಂದು ಮಾತು ಮುಚ್ಚಿಡುವುದಿಲ್ಲ. ಒಂದು ದಿನ ಮೋಡ ಕವಿದರೆ ಹೇಗೋ ಸುಧಾರಿಸಬಹುದು, ಎರಡನೇ ದಿನ ಕರೆಂಟಿರುವ ಕಡೆ ಬರಲೇಬೇಕು. ಆಕ್ಸಿಜನ್ ಸಿಲಿಂಡರ್ ಒಂದು ಯಾವಾಗಲೂ ಗಾಡಿಯಲ್ಲಿರಲಿ. ಅದಿಲ್ಲದೆ ನಾನು ಒಂದು ವೈರೂ ಜೋಡಿಸುವುದಿಲ್ಲ.

ಚಾವಣಿಯ ಉದ್ದ ಅಗಲ ಬರೆದು ಕಳಿಸು. ನಕ್ಷೆ ಮಾಡಿ ಸಾಮಾನು ಪಾರ್ಸೆಲ್ ಮಾಡುತ್ತೇನೆ, ನಿಮ್ಮ ಗ್ಯಾರೇಜಿನವನು ಕೂರಿಸಲಿ.

ತಮ್ಮ


ಫೆಬ್ರವರಿ ೪

ತಮ್ಮಾ,

ಅಳತೆ ಇನ್ನೊಂದು ಹಾಳೆಯಲ್ಲಿದೆ. ನಾನೇ ಏಣಿ ಹತ್ತಿ ಹಿಡಿದದ್ದು. ನಿನ್ನ ಭಾವ ಕೆಳಗೆ ಕುರ್ಚಿಯಲ್ಲಿ ಕೂತು ಸೂಪರ್‌ವೈಸರ್ ಕೆಲಸ ಮಾಡಿದರು. ಗಾಳಿಕಿಂಡಿ ಬಿಟ್ಟು ನಿನ್ನ ಮೂರು ಪ್ಯಾನೆಲ್ ಕೂರುವಷ್ಟು ಜಾಗ ಇದೆ.

ನನ್ನನ್ನು ಕೇಳಿದರೆ ಮಡಚುವುದೇ ಇರಲಿ. ಸಂಜೆಯವರೆಗೂ ಬೆಂದ ಡಬ್ಬಿಯೊಳಗೆ ಅವರನ್ನು ಮಲಗಿಸುವುದು ಹೇಗೆ? ಬಿಸಿ ಆದರೆ ಅವರಿಗೆ ಉಸಿರು ಇನ್ನೂ ಕಷ್ಟ. ನಾನು ಹೀಗಂದರೆ ಅವರು ತಲೆ ಅಡ್ಡ ಆಡಿಸುತ್ತಾರೆ. ಯಾಕೆ ಅಂದರೆ ಬಾಯಿ ಬಿಡುವುದಿಲ್ಲ. ನಿನಗೇ ಬರೆಯುತ್ತಾರಂತೆ. ಬರೆಯಲಿ ನೋಡೋಣ, ಬಸ್ಸಿನ ರಿಪೋರ್ಟು ಬಿಟ್ಟು ಅವರು ಬೇರೇನೂ ಬರೆದದ್ದನ್ನು ನಾನು ಕಂಡಿಲ್ಲ.

ನೀನು ಪಾರ್ಸೆಲ್ ಮಾಡುತ್ತೇನೆ ಅಂದೆ. ಸರಿ. ನಾನು ಏನೂ ಹೇಳುವುದಿಲ್ಲ.

ಅಕ್ಕ


ಫೆಬ್ರವರಿ ೬

ಭಾಮೈದನಿಗೆ,

ನಿಮ್ಮಕ್ಕ ಎದುರಿಗೇ ಕೂತಿದ್ದಾಳೆ. ಓದಬೇಡ ಅಂದಿದ್ದೇನೆ. ಕಿವಿ ಹೋಗಿದ್ದರೂ ಕಣ್ಣು ಹದ್ದಿನದು, ತಲೆಕೆಳಗಾಗಿ ಓದುತ್ತಾಳೆ. ಓದಿಕೊಳ್ಳಲಿ.

ಮಡಚುವ ಪ್ಯಾನೆಲ್ ಬೇಡ. ಕಾರಣ ಹೇಳುತ್ತೇನೆ. ಅದನ್ನು ಎತ್ತಿ ಇಳಿಸುವುದು ಯಾರು? ನಾನು ನೀರಿನ ಚೊಂಬು ಎತ್ತಿದರೆ ಐದು ನಿಮಿಷ ಕೂರಬೇಕು. ನಿಮ್ಮಕ್ಕನ ಬಲ ಭುಜ ಮಗ್ಗದಲ್ಲೇ ಹೋಯಿತು, ಅದನ್ನು ಅವಳು ನಿನಗೆ ಬರೆಯುವುದಿಲ್ಲ. ಇದು ಒಂದು.

ಎರಡನೆಯದು. ಈ ಗಾಡಿ ನನಗಿಂತ ಹೆಚ್ಚು ದಿನ ಬಾಳುತ್ತದೆ. ಎಂಜಿನ್ ನೋಡಿಯೇ ತಂದಿದ್ದು. ನಾನು ಇಳಿದ ಮೇಲೂ ಇವಳು ಓಡಿಸಬೇಕು. ದಿನಾ ಬೆಳಿಗ್ಗೆ ಮೈದಾನದಲ್ಲಿ ಕಲಿಸುತ್ತಿದ್ದೇನೆ. ಮೊದಲೇ ಕಾರು ಗೊತ್ತಿತ್ತು, ದೊಡ್ಡ ಗಾಡಿಯ ತಿರುವು ಗೊತ್ತಿರಲಿಲ್ಲ. ಎಂಜಿನ್ ಸದ್ದು ಕೇಳದಿದ್ದರೂ ಸ್ಟೀರಿಂಗ್ ಹಿಡಿದ ಕೈಗೆ ಅದುರು ಗೊತ್ತಾಗಿ ಗೇರ್ ಬದಲಿಸುತ್ತಾಳೆ. ನನ್ನ ಜೊತೆಗೆ ಓಡಿಸಿದ ಎಷ್ಟೋ ಡ್ರೈವರುಗಳಿಗೆ ಎರಡೂ ಕಿವಿ ಇದ್ದು ಅದು ಬರುತ್ತಿರಲಿಲ್ಲ.

ಆದ್ದರಿಂದ ಎತ್ತದೆ, ತಿರುಗಿಸದೆ, ತಾನೇ ತುಂಬಿಕೊಳ್ಳುವ ಹಾಗೆ ಮಾಡು. ಎಲ್ಲಾ ಮೇಲೆಯೇ ಇರಲಿ. ಇವಳು ಸ್ವಿಚ್ ಒತ್ತಿದರೆ ಸಾಕು ಅನ್ನುವ ಹಾಗೆ. ಬೇಯುವ ವಿಷಯ ನನಗೆ ಬಿಡು, ನಾನು ಎಂಜಿನ್ ಪಕ್ಕ ಕೂತೇ ಬದುಕಿದವನು.

ಗ್ಯಾರೇಜಿನವನು ಒಳ್ಳೆಯವನೇ. ಆದರೆ ಅವನು ವೈರು ಜೋಡಿಸಿದ ಗಾಡಿಯಲ್ಲಿ ನಾನು ಮೂಗಿಗೆ ನಳಿಕೆ ಹಾಕಿಕೊಂಡು ಮಲಗುವುದಿಲ್ಲ. ನೀನೇ ಬಾ. ನಿಮ್ಮಮ್ಮ ತೀರಿಹೋದ ದಿನ ನೀನು ತಡವಾಗಿ ಬಂದದ್ದಕ್ಕೆ ಜನರೆದುರು ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದರ ಬಗ್ಗೆ ಕಾಗದದಲ್ಲಿ ಬರೆಯಲು ನನಗೆ ಬರುವುದಿಲ್ಲ.

ಬರುವಾಗ ಒಳ್ಳೆಯ ಸ್ಪ್ಯಾನರ್ ಸೆಟ್ ತಾ. ನನ್ನದನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ.

ಭಾವ


ಮಾರ್ಚ್ ೨೬

ತಮ್ಮಾ,

ನೀನು ಹೋದ ಮೇಲೆ ಅಂಗಳ ಬಿಕೋ ಅನ್ನುತ್ತಿದೆ. ಅಷ್ಟು ವರ್ಷ ಬಾರದೆ ಇದ್ದವನು ಮೂರು ದಿನ ಇದ್ದು ಹೋದದ್ದು ಇನ್ನೂ ಕಷ್ಟವಾಯಿತು ನೋಡು.

ಪ್ಯಾನೆಲ್ ಚೆನ್ನಾಗಿ ಕೂತಿವೆ. ನೀನು ಹೇಳಿದ ಹಾಗೆ ಕೆಳಗೆ ಗಾಳಿಯಾಡಲು ಬಿಟ್ಟ ಸಂದಿನಿಂದ ಚಾವಣಿ ಅಷ್ಟು ಸುಡುತ್ತಿಲ್ಲ, ಬದಲಿಗೆ ಪ್ಯಾನೆಲ್ಲುಗಳೇ ಒಂದು ಛತ್ರಿಯಾಗಿವೆ. ಇದನ್ನು ಮೊದಲೇ ಹೇಳಿದ್ದರೆ ನಾನು ಜಗಳ ಆಡುತ್ತಿರಲಿಲ್ಲ.

ನಾನು ಅಡುಗೆಮನೆಯ ಕಿಟಕಿಯಿಂದ ನಿಮ್ಮಿಬ್ಬರನ್ನೂ ನೋಡುತ್ತಿದ್ದೆ. ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀನು ಮೇಲಿಂದ ಕೈ ಚಾಚುವುದು, ಅವರು ಕೆಳಗಿಂದ ಸ್ಪ್ಯಾನರ್ ಇಡುವುದು, ಆಸ್ಪತ್ರೆಯ ಆಪರೇಷನ್ ಹಾಗಿತ್ತು. ಎರಡನೇ ದಿನ ಮಧ್ಯಾಹ್ನ ಅವರು ತಲೆ ಎತ್ತಿ ಏನೋ ಹೇಳಿದರು. ನೀನು ಕೈಯಲ್ಲಿದ್ದ ಬೋಲ್ಟ್ ಬೀಳಿಸಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಆ ಕಡೆ ತಿರುಗಿ ಬಹಳ ಹೊತ್ತು ಕೂತೆ. ಏನು ಹೇಳಿದರು ಅಂತ ಅವರನ್ನು ಕೇಳಿದರೆ "ಬೋಲ್ಟಿನ ವಿಷ್ಯ" ಅಂದರು. ಯಾವ ಬೋಲ್ಟಿಗೆ ಮನುಷ್ಯ ಹಾಗೆ ನಗುತ್ತಾನೆ? ನೀನಾದರೂ ಹೇಳು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಬ್ಯಾಟರಿ ಇಳಿದರೆ ಕೂಗಿ ಎಚ್ಚರಿಸುವ ಪೆಟ್ಟಿಗೆ ಹಾಕಿದ್ದೀಯಲ್ಲ, ಅದು ಯಾರಿಗೋಸ್ಕರ ಕೂಗುತ್ತದೆ? ನನಗೆ ಸೈರನ್ನೇ ಕೇಳುವುದಿಲ್ಲ. ಅವರು ಎಚ್ಚರಾದರೂ ಎದ್ದು ಏನು ಮಾಡಿಯಾರು? ಪರೀಕ್ಷೆ ಮಾಡೋಣ ಅಂತ ಒತ್ತಿದರೆ ಅವರು ಕಿವಿ ಮುಚ್ಚಿಕೊಂಡರು, ನಾನು ಪಕ್ಕದಲ್ಲೇ ನಿಂತು "ಕೆಟ್ಟಿದೆ ಅನ್ಸುತ್ತೆ" ಅಂದೆ. ಅಷ್ಟಕ್ಕೆ ಅವರು ನಕ್ಕು ನಕ್ಕು ಕೆಮ್ಮು ಬಂದು, ಆಮೇಲೆ ಬೆನ್ನು ತಟ್ಟಿ ಸಾಕಾಯಿತು.

ಅಕ್ಕ


ಏಪ್ರಿಲ್ ೫

ಅಕ್ಕ,

ಓದಿ ತಲೆ ಚಚ್ಚಿಕೊಂಡೆ. ಎಲ್ಲರ ಮನೆಗೂ ಹಾಕುವುದನ್ನೇ ಕೈ ತಾನಾಗಿ ಹಾಕಿಬಿಟ್ಟಿದೆ. ನಿನ್ನ ಕಿವಿ ಹೋಗುವ ಮೊದಲೇ ನಾನು ಊರು ಬಿಟ್ಟೆನಲ್ಲ, ನನ್ನ ಮನಸ್ಸಿನಲ್ಲಿ ಇನ್ನೂ ನೀನು ಬೀದಿ ತುದಿಯಲ್ಲಿ ನನ್ನ ಸೈಕಲ್ ಬೆಲ್ ಕೇಳಿಯೇ ಬಾಗಿಲು ತೆರೆಯುವವಳು.

ಪಾರ್ಸೆಲ್ ಬರುತ್ತದೆ. ಅದರಲ್ಲಿ ಕೆಂಪು ದೀಪ ಇದೆ, ನಿನ್ನ ತಲೆದಿಂಬಿನ ಎದುರಿಗೆ ಹಚ್ಚುವಂಥದ್ದು. ಕೂಗುವ ಪೆಟ್ಟಿಗೆಯ ಎರಡು ವೈರು ತೆಗೆದು ಇದಕ್ಕೆ ಹಾಕಿದರೆ ಆಯಿತು. ಕಣ್ಣು ಮುಚ್ಚಿದ್ದರೂ ರೆಪ್ಪೆಯ ಮೇಲೆ ಬೀಳುವಷ್ಟು ಬೆಳಕು ಇದೆ.

ಜೊತೆಗೆ ನಾಲ್ಕು ರಬ್ಬರ್ ಕಾಲು ಇಟ್ಟಿದ್ದೇನೆ. ಮಷಿನ್ನಿನ ಅಡಿಗೆ ಕೂರಿಸು. ನಾನು ಬಂದಾಗ ನೋಡಿದೆ, ಅದು ಓಡಿದರೆ ಹಲಗೆ, ಮಂಚ, ಗಾಡಿಯ ನೆಲ ಎಲ್ಲ ಅದುರುತ್ತದೆ. ನೀನು ಹೇಗೆ ಮಲಗುತ್ತೀಯೋ ಅಂತ ಅನ್ನಿಸಿತು. ಈ ಸಲ ನಿನ್ನನ್ನು ನೆನೆಸಿಕೊಂಡೇ ಮಾಡಿದ್ದೇನೆ. ಇನ್ನು ಮೇಲೆ ನಿನ್ನ ನಿದ್ದೆಗೆ ಯಾವ ಅಡ್ಡಿಯೂ ಇಲ್ಲ.

ಭಾವ ಹೇಳಿದ್ದು ಬೋಲ್ಟಿನ ವಿಷಯವೇ.

ತಮ್ಮ


ಮೇ ೧೪

ತಮ್ಮಾ,

ಮೊದಲ ಪರೀಕ್ಷೆ ಆಯಿತು. ದೂರವೇನಿಲ್ಲ, ಊರಾಚೆಯ ಖಾಲಿ ಬಯಲಿಗೆ ಹೋಗಿ ಒಂದು ರಾತ್ರಿ ಇದ್ದು ಬಂದೆವು. ಏನಾದರೂ ಆದರೆ ಅರ್ಧ ಗಂಟೆಯಲ್ಲಿ ಮನೆ ಮುಟ್ಟುವ ಹಾಗೆ.

ಮಧ್ಯಾಹ್ನ ನೋಡಿದರೆ ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ನಿನ್ನ ಕೆಲಸದಲ್ಲೇ ದೋಷ ಅಂತ ಇಬ್ಬರೂ ಸೇರಿ ನಿನ್ನನ್ನು ಚೆನ್ನಾಗಿ ಬೈದೆವು. ಆಮೇಲೆ ನಾನು ಇಳಿದು ತಲೆ ಎತ್ತಿ ನೋಡಿದೆ. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದು ಒಂದೇ ಒಂದು ಮರ, ನಿನ್ನ ಭಾವ ಗಾಡಿಯನ್ನು ತಂದು ನಿಲ್ಲಿಸಿದ್ದು ಸರಿಯಾಗಿ ಅದರ ಅಡಿಗೆ! ನಾನು ಓಡಿಸಿಕೊಂಡು ಹೋದದ್ದು, ಕೊನೆಯಲ್ಲಿ "ನಿಲ್ಲಿಸೋದು ನಾನೇ" ಅಂತ ಸ್ಟೀರಿಂಗ್ ತೆಗೆದುಕೊಂಡಿದ್ದರು. ಬಸ್ಸಿನ ಡ್ರೈವರಿಗೆ ಬೇರೆ ಏನು ಮರೆತರೂ ನೆರಳು ಹುಡುಕುವುದು ಮರೆಯುವುದಿಲ್ಲ. ಬಿಸಿಲಿಗೆ ಎಳೆದ ಮೇಲೆ ನಿನ್ನ ಬ್ಯಾಟರಿ ತುಂಬಿತು. ನಿನ್ನನ್ನು ಬೈದದ್ದನ್ನು ವಾಪಸ್ಸು ತೆಗೆದುಕೊಂಡಿದ್ದೇವೆ.

ರಾತ್ರಿ ಮಷಿನ್ ನಿಲ್ಲದೆ ಓಡಿತು. ಬೆಳಿಗ್ಗೆ ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅವರು ಎದ್ದು ಕಿಟಕಿಯ ಪರದೆ ಸರಿಸಿ, ಕಂಬ ಇಲ್ಲದ ಆಕಾಶ ನೋಡಿ, "ನಿನ್ ತಮ್ಮ ಕೆಲ್ಸಗಾರ ಕಣೇ" ಅಂದರು. ಅವರ ತುಟಿ ನೋಡಿ ನನಗೆ ಗೊತ್ತಾಯಿತು. ಈ ಮಾತನ್ನು ನಿನಗೆ ಮುಟ್ಟಿಸಬೇಕು ಅಂತಲೇ ಈ ಕಾಗದ.

ರಬ್ಬರ್ ಕಾಲಿನ ವಿಷಯ ಹೇಳಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ಹೇಳಿಬಿಡುತ್ತೇನೆ. ಅದನ್ನು ಕಿತ್ತು ಹಾಕಿದೆ. ಮನೆಯಲ್ಲಿ ಆ ಮಷಿನ್ ನಮ್ಮ ಮಂಚಕ್ಕೆ ತಾಗಿಕೊಂಡೇ ಇರುತ್ತದೆ. ಅದರ ಅದುರು ದಿಂಬಿನವರೆಗೂ ಬರುತ್ತದೆ. ನನಗೆ ಅವರ ಉಸಿರು ಕೇಳುವುದಿಲ್ಲ, ಕೆಮ್ಮು ಕೇಳುವುದಿಲ್ಲ, ಕರೆದರೆ ಕೇಳುವುದಿಲ್ಲ. ಆ ಅದುರು ಇದ್ದರೆ ಎಲ್ಲ ನಡೆಯುತ್ತಿದೆ ಅಂತ ಅರ್ಥ. ನಿದ್ದೆಯಲ್ಲೂ ನನ್ನ ಮೈಗೆ ಅದು ಗೊತ್ತಿರುತ್ತದೆ. ಬಯಲಿನಲ್ಲಿ ರಬ್ಬರ್ ಹಾಕಿ ಮಲಗಿದರೆ ಹಲಗೆ ಸತ್ತ ಹಾಗಿತ್ತು. ಎದ್ದೆದ್ದು ಅವರ ಎದೆಯ ಮೇಲೆ ಕೈ ಇಟ್ಟು ನೋಡಿದೆ. ಕೊನೆಗೆ ಅವರಿಗೇ ಸಾಕಾಗಿ ದೀಪ ಹಾಕಿ, ನನ್ನ ಕೈ ಹಿಡಿದು "ಇದೀನಿ, ಮಲಕ್ಕೊಳ್ಳೇ" ಅಂದರು. ಎದ್ದು ನಾಲ್ಕೂ ರಬ್ಬರ್ ಎಳೆದು ಹಾಕಿದೆ. ಆಮೇಲೆ ನಿದ್ದೆ ಬಂತು.

ನೀನು ನನ್ನ ನಿದ್ದೆಗೋಸ್ಕರ ಕಳಿಸಿದ್ದು ನನಗೆ ಗೊತ್ತು. ಕೊರಗಬೇಡ.

ಕೆರೆಗೆ ಯಾವಾಗ ಹೊರಡಲಿ? ಅವರು ದಿನಾ ಕೇಳುತ್ತಿದ್ದಾರೆ.

ಅಕ್ಕ


ಜೂನ್ ೨

ಅಕ್ಕ,

ಸ್ವಲ್ಪ ತಡಿ.

ದಿನಾ ಹವಾಮಾನ ನೋಡುತ್ತಿದ್ದೇನೆ. ನಿಮ್ಮ ಕಡೆ ಮೋಡ ಕಟ್ಟಲು ಶುರುವಾಗಿದೆ. ಕೊನೆ ಸ್ಟಾಪಿನಿಂದ ಆಚೆ ಗುಡ್ಡದ ಮಗ್ಗುಲು ಅಂದರೆ ಇನ್ನೂ ಹೆಚ್ಚು. ಇಂಥ ದಿನಗಳಲ್ಲಿ ಆ ಮೂರು ಪ್ಯಾನೆಲ್ ಸೇರಿ ಒಂದು ಯೂನಿಟ್ ಕೊಟ್ಟರೆ ದೊಡ್ಡದು. ಸಿಲಿಂಡರ್ ಇದೆ ನಿಜ, ಅದು ಆಪತ್ತಿಗೆ, ರಾತ್ರಿ ಕಳೆಯುವುದಕ್ಕಲ್ಲ. ಕರೆಂಟು ಇರುವ ಜಾಗಕ್ಕೆ ವಾಪಸ್ಸು ಬರುವ ರಸ್ತೆ ಮಳೆಯಲ್ಲಿ ಹೇಗಿರುತ್ತದೋ ಯಾರಿಗೆ ಗೊತ್ತು.

ಮಳೆ ಮುಗಿಯಲಿ. ಸೆಪ್ಟೆಂಬರ್ ಕೊನೆಗೆ ಬಿಸಿಲು ಬರುತ್ತದೆ. ಆಗ ಹೊರಡಿ, ನಾನೂ ರಜೆ ಹಾಕಿ ಹಿಂದೆ ಬರುತ್ತೇನೆ. ಭಾವನಿಗೆ ಹೇಳು, ಬಸ್ಸು ಟೈಮಿಗಿಂತ ಮುಂಚೆ ಬಿಡುವ ಹಾಗಿಲ್ಲ.

ರಬ್ಬರ್ ವಿಷಯ ಓದಿದೆ. ಇನ್ನು ಮೇಲೆ ಏನು ಕಳಿಸುವುದಿದ್ದರೂ ನಿನ್ನನ್ನು ಕೇಳಿಯೇ ಕಳಿಸುತ್ತೇನೆ.

ತಮ್ಮ


ಜುಲೈ ೧೯

ತಮ್ಮಾ,

ಒಂದೇ ಸಮನೆ ಮಳೆ. ನೀನು ಹೇಳಿದ್ದು ಸರಿಯೇ ಆಯಿತು, ಪ್ಯಾನೆಲ್ಲುಗಳ ಮೇಲೆ ನೀರು ಹರಿಯುತ್ತಿದೆ, ಬಿಸಿಲಿನ ಸುಳಿವಿಲ್ಲ.

ಅವರಿಗೆ ಈಗ ಹಗಲೂ ಮಷಿನ್ ಬೇಕು. ಮೊನ್ನೆ ಮಳೆ ಬಿಟ್ಟ ಹೊತ್ತಿಗೆ ಉದ್ದದ ನಳಿಕೆ ಎಳೆದುಕೊಂಡು ಹೋಗಿ ಆಮೆಯ ಡ್ರೈವರ್ ಸೀಟಿನಲ್ಲಿ ಕೂತರು. ಮಷಿನ್ ವರಾಂಡದಲ್ಲಿ, ನಳಿಕೆ ಕಿಟಕಿಯಿಂದ ಒಳಗೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇರ್ ಹಾಕಿದರು, ತೆಗೆದರು. ಎಲ್ಲಿ ತಿರುವು, ಎಲ್ಲಿ ಹಂಪು, ಎಲ್ಲಿ ಎಮ್ಮೆಗಳು ಅಡ್ಡ ಬರುತ್ತವೆ ಎಲ್ಲಾ ಹೇಳುತ್ತಾ ಹೋದರು. ಕೊನೆ ಸ್ಟಾಪ್ ಬಂದ ಕೂಡಲೇ ಕೈ ಎತ್ತಿದರು. "ಇಲ್ಲಿಂದ ಮುಂದಕ್ಕೆ ನಂಗೊತ್ತಿಲ್ಲ" ಅಂದರು.

ನಿನಗೆ ಅವರದ್ದೊಂದು ನಮಸ್ಕಾರ ಬರೆ ಅಂದರು. ನಿನಗೆ ನಮಸ್ಕಾರ ಹೇಳುವ ಮನುಷ್ಯ ಅಲ್ಲ ಅವರು. ಅದಕ್ಕೇ ಭಯ ಆಗುತ್ತಿದೆ.

ಅಕ್ಕ


ಸೆಪ್ಟೆಂಬರ್ ೨೮

ಅಕ್ಕ,

ಭಾವನ ತಿಥಿಯ ಕೆಲಸಗಳೆಲ್ಲ ಮುಗಿದು ನಾನು ಹೊರಟಾಗ ನಿನ್ನ ಸುತ್ತ ಅಷ್ಟು ಜನ. ಹತ್ತಿರ ಬಂದು ಏನಾದರೂ ಹೇಳಿದರೆ ಕೂಗಿ ಹೇಳಬೇಕು. ಅಂಥ ಮಾತನ್ನು ಕೂಗಿ ಹೇಳುವುದು ಹೇಗೆ? ಸುಮ್ಮನೆ ನಿನ್ನ ಕೈ ಹಿಡಿದು ಬಂದುಬಿಟ್ಟೆ.

ಅವರು ಆಸ್ಪತ್ರೆಯಲ್ಲಿ, ಗೋಡೆಯ ಆಕ್ಸಿಜನ್ನಿನಲ್ಲೇ ಹೋದರು. ನನ್ನ ಬ್ಯಾಟರಿಗೂ ಮೋಡಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು. ಆದರೆ ಜೂನಿನಲ್ಲಿ ಮೋಡ ಸಂಪೂರ್ಣ ಕಟ್ಟುವ ಮೊದಲು ಒಂದು ವಾರ ಬಿಸಿಲಿತ್ತು. ಆಮೇಲೆ ಹುಡುಕಿ ನೋಡಿದೆ. ಆ ವಾರ ನೀವು ಹೋಗಬಹುದಿತ್ತು. ನಾನು ತಡಿ ಅಂದೆ.

ಇವತ್ತು ಇಲ್ಲಿ ಕಣ್ಣು ಕೋರೈಸುವ ಬಿಸಿಲು. ಎಲ್ಲರ ಮನೆಯ ಪ್ಯಾನೆಲ್ಲೂ ತುಂಬಿ ಹರಿಯುತ್ತಿದೆ. ನನಗೆ ಅದನ್ನು ನೋಡಲಾಗುತ್ತಿಲ್ಲ.

ಬೈದಾದರೂ ಬರೆ.

ತಮ್ಮ


ನವೆಂಬರ್ ೧೫

ಅಕ್ಕ,

ಉತ್ತರ ಬರಲಿಲ್ಲ. ನಿಮ್ಮ ಪಕ್ಕದ ಮನೆಗೆ ಫೋನ್ ಮಾಡಿದ್ದೆ. ನೀನು ದಿನಾ ಬೆಳಿಗ್ಗೆ ಆಮೆಯನ್ನು ಹೊರಗೆ ತೆಗೆದು, ಬೀದಿ ಸುತ್ತಿ, ಮತ್ತೆ ತಂದು ನಿಲ್ಲಿಸುತ್ತೀಯಂತೆ. ಅಷ್ಟು ಗೊತ್ತಾಯಿತು. ಅಷ್ಟೇ ಸಾಕು ಅಂತ ಇದ್ದೇನೆ.

ಪ್ಯಾನೆಲ್ ಮೇಲಿನ ಧೂಳು ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸು.

ತಮ್ಮ


ಜನವರಿ ೧೭

ತಮ್ಮಾ,

ಈ ಕಾಗದವನ್ನು ಕೆರೆಯ ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೊನೆ ಸ್ಟಾಪಿನ ಟೀ ಅಂಗಡಿಯವನು ಸಾಮಾನಿಗೆ ಪೇಟೆಗೆ ಹೋಗುವಾಗ ಅಂಚೆ ಡಬ್ಬಿಗೆ ಹಾಕುತ್ತೇನೆ ಅಂದಿದ್ದಾನೆ. ಇನ್ನೂ ಮೂರು ವಾರ ಇಲ್ಲೇ ಇರುತ್ತೇನೆ, ಉತ್ತರವನ್ನು ಅವನ ಅಂಗಡಿಗೇ ಬರೆ. ಗಾಡಿ ನಿಲ್ಲಿಸಿದರೆ ನನ್ನನ್ನು ನೋಡಿ, ಸ್ಟೀರಿಂಗ್ ನೋಡಿ, "ಡ್ರೈವರ್ ಸಾಹೇಬ್ರು ಎಲ್ಲಿ?" ಅಂತ ಬಾಗಿ ಒಳಗೆ ಹುಡುಕಿದ. ನಾನು ಇಲ್ಲ ಅಂತ ತಲೆ ಅಡ್ಡ ಆಡಿಸಿದೆ. ಅವನು ಟೀ ತಂದು ಕೊಟ್ಟು, ಎರಡು ಲೋಟ ತಂದಿದ್ದನ್ನು ನೋಡಿಕೊಂಡು, ಒಂದನ್ನು ತಾನೇ ಕುಡಿದ.

ಬಸ್ಸು ತಿರುಗುವ ಜಾಗದಲ್ಲಿ ನೆಲ ಎಷ್ಟು ಸವೆದಿದೆ ಅಂತೀಯ, ದೊಡ್ಡ ತಟ್ಟೆಯ ಹಾಗೆ. ಅದರಲ್ಲಿ ಅವರ ಪಾಲೂ ಇದೆ. ನಾನು ತಿರುಗಿಸಲಿಲ್ಲ. ಗುಡ್ಡದ ಮೇಲೆ ಎರಡನೇ ಗೇರಿನಲ್ಲಿ ಹತ್ತಿಸಿದೆ. ಸ್ಟೀರಿಂಗ್ ಅದುರಿದಾಗ ಒಂದಕ್ಕೆ ಇಳಿಸಿದೆ. ಆಚೆ ಇಳಿದರೆ ನೀರು. ದೊಡ್ಡದೇ ಇದೆ. ಚೆನ್ನಾಗಿದೆ. ಅವರು ಅಂದುಕೊಂಡಷ್ಟು ಚೆನ್ನಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಅವರು ಏನು ಅಂದುಕೊಂಡಿದ್ದರು ಅಂತ ನಾನು ಕೇಳಿರಲೇ ಇಲ್ಲ.

ನಿನ್ನ ಮೇಲೆ ಸಿಟ್ಟಿನಿಂದ ಬರೆಯದೆ ಇದ್ದೆ ಅಂದುಕೊಂಡೆಯಾ? ಸ್ವಲ್ಪ ದಿನ ಇತ್ತು. ಸುಳ್ಳು ಹೇಳುವುದಿಲ್ಲ. ಆ ಒಂದು ವಾರದ ಬಿಸಿಲು ನನಗೂ ಗೊತ್ತಿತ್ತು, ಅಂಗಳದಲ್ಲಿ ಬಟ್ಟೆ ಒಣಗಿಸಿದ್ದೆನಲ್ಲ. ಅವರಿಗೂ ಗೊತ್ತಿತ್ತು. "ಹೋಗೇಬಿಡೋಣ್ವಾ" ಅಂದರು. "ತಮ್ಮ ತಡಿ ಅಂದಿದ್ದಾನೆ" ಅಂದೆ. ಅವರು "ಹಾಗಾದ್ರೆ ತಡೆಯೋಣ, ಅವ್ನಿಗೆ ಗೊತ್ತು" ಅಂದರು. ನಿನ್ನನ್ನು ಅವರು ಅಷ್ಟು ನಂಬಿದರಲ್ಲ, ಅದನ್ನು ನೆನೆಸಿಕೊಂಡು ನನ್ನ ಸಿಟ್ಟು ಹೋಯಿತು. ಮಿಕ್ಕದ್ದು ಹೋಗಿಲ್ಲ. ಮಿಕ್ಕದ್ದು ಇರುತ್ತದೆ.

ಈಗ ನಿನ್ನ ಕೆಲಸದ ವಿಷಯ. ನಿನ್ನ ಬ್ಯಾಟರಿ ಮಧ್ಯಾಹ್ನದ ಮೊದಲೇ ತುಂಬಿ ಕೂರುತ್ತದೆ. ನನ್ನದೇನು, ಒಂದು ದೀಪ, ಒಂದಿಷ್ಟು ಫ್ಯಾನು. ಸಂಜೆಗೂ ಪೂರ್ತಿ, ಬೆಳಿಗ್ಗೆಗೂ ಪೂರ್ತಿ. ಒಬ್ಬ ಮನುಷ್ಯ ಉಸಿರಾಡುವಷ್ಟು ದಿನಾ ಬಂದು ತುಂಬುತ್ತದೆ, ಉಸಿರಾಡುವವರಿಲ್ಲ. ಬ್ಯಾಟರಿ ತುಂಬಿತಲ್ಲ ಅಂತ ಮಧ್ಯಾಹ್ನ ಗಾಡಿಯನ್ನು ಮರದ ನೆರಳಿಗೆ ತೆಗೆದು ನಿಲ್ಲಿಸುತ್ತೇನೆ, ಅವರು ನಿಲ್ಲಿಸುತ್ತಿದ್ದ ಹಾಗೆ.

ಮೊದಲೆರಡು ರಾತ್ರಿ ಇಲ್ಲಿ ನಿದ್ದೆ ಬರಲಿಲ್ಲ. ಮನೆಯಲ್ಲೂ ಬರುತ್ತಿರಲಿಲ್ಲ, ಹೊಸ ಜಾಗ ಅನ್ನುವುದು ಬರೀ ನೆಪ. ಮಷಿನ್ನನ್ನು ಯಾರಿಗಾದರೂ ಕೊಡೋಣ ಅಂತ ಗಾಡಿಯಲ್ಲೇ ಇಟ್ಟಿದ್ದೆ, ಕೊಟ್ಟಿರಲಿಲ್ಲ. ನಿನ್ನೆ ಊಟ ಮಾಡಿ, ಅದನ್ನು ಮಂಚಕ್ಕೆ ತಾಗಿಸಿ ಇಟ್ಟು ಸ್ವಿಚ್ ಒತ್ತಿದೆ. ನಳಿಕೆಯನ್ನು ಅವರ ದಿಂಬಿನ ಮೇಲೆ ಹಾಕಿದೆ. ಹಲಗೆ ಅದುರತೊಡಗಿತು. ನಾನು ಈ ಕಡೆ ತಿರುಗಿ ಮಲಗಿದೆ. ಕಣ್ಣು ಬಿಟ್ಟರೆ ಬಿಸಿಲು ಪರದೆಯ ಮೇಲಿತ್ತು.

ಕೇಳಬೇಕಾದದ್ದು ಇಷ್ಟೇ. ಹಾಗೆ ಯಾರಿಗೂ ಗಾಳಿ ಕೊಡದೆ ಸುಮ್ಮನೆ ಓಡಿಸಿದರೆ ಮಷಿನ್ ಕೆಡುತ್ತದಾ? ಬ್ಯಾಟರಿಗೆ ತೊಂದರೆಯಾ? ನೀನು ಬೇಡ ಅಂದರೆ ನಿಲ್ಲಿಸುತ್ತೇನೆ.

ಇನ್ನೂ ಒಂದು. ಆ ದಿನ ಚಾವಣಿಯ ಮೇಲೆ ನೀನು ನಕ್ಕದ್ದು ಯಾಕೆ? ಬೋಲ್ಟು ಅನ್ನಬೇಡ.

ಅಕ್ಕ


ಜನವರಿ ೨೪

ಅಕ್ಕ,

ಕೆಡುವುದಿಲ್ಲ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆ, ಅಷ್ಟೇ. ಬ್ಯಾಟರಿ ಇರುವುದೇ ಖರ್ಚಾಗುವುದಕ್ಕೆ. ದಿನಾ ಓಡಿಸು. ಅಷ್ಟು ಹೊರೆಗೆಂದೇ ಕಟ್ಟಿದ್ದು ಅದು, ನಾನೇ ಕಟ್ಟಿದ್ದು. ಬೆಳಿಗ್ಗೆ ಗಾಡಿಯನ್ನು ಬಿಸಿಲಿಗೆ ತಂದರೆ ಮತ್ತೆ ತುಂಬುತ್ತದೆ.

ಆ ದಿನ ಭಾವ ನನ್ನನ್ನು ಕರೆದು ಹೇಳಿದ್ದು ಇದು: "ನೋಡಪ್ಪಾ, ಜಗಳ ಮುಂದುವರ್ಸೋಕೆ ನನ್ಹತ್ರ ಉಸಿರಿಲ್ಲ. ನಿಂಗೆ ಬೇಕಿದ್ರೆ ನನ್ನ ಪಾಲಿಂದೂ ನೀನೇ ಆಡ್ಕೋ." ನಾನು ನಕ್ಕೆ. ಆಮೇಲೆ ಯಾಕೆ ಆ ಕಡೆ ತಿರುಗಿ ಕೂತೆ ಅಂತ ನಿನಗೆ ಗೊತ್ತಾಗುತ್ತದೆ. ಆಗಲೇ ನಿನಗೆ ಬರೆಯಬಹುದಿತ್ತು, ಉಸಿರಿಲ್ಲ ಅನ್ನುವ ಮಾತನ್ನು ನನ್ನ ಕೈಯಿಂದ ಬರೆಯಲಾಗಲಿಲ್ಲ.

ರಜೆ ಹಾಕಿದ್ದೇನೆ. ಶನಿವಾರ ಭಾವನ ರೂಟಿನ ಬಸ್ಸಿಗೇ ಬರುತ್ತೇನೆ. ಕೊನೆ ಸ್ಟಾಪಿನಲ್ಲಿ ಇಳಿದು ಗುಡ್ಡ ಹತ್ತಿ ನಡೆದು ಬರುತ್ತೇನೆ, ಕರೆದೊಯ್ಯಲು ಬರಬೇಡ. ಅವರು ನೋಡುತ್ತಿದ್ದ ಜನರ ಹಾಗೆ ಒಂದು ಸಲ ನಾನೂ ನಡೆಯಬೇಕು.

ತಲುಪುವಾಗ ಕತ್ತಲಾದರೆ ನೀನು ಮಲಗಿರುತ್ತೀಯ. ಬಾಗಿಲು ಬಡಿಯುವುದಿಲ್ಲ, ಕೂಗುವುದೂ ಇಲ್ಲ. ನಿನ್ನ ದಿಂಬಿನ ಪಕ್ಕ ಗಾಡಿಯ ತಗಡಿಗೆ ಅಂಗೈಯಿಂದ ಮೂರು ಸಲ ತಟ್ಟುತ್ತೇನೆ. ಮಷಿನ್ನಿನ ಅದುರು ಒಂದೇ ಸಮ ಇರುತ್ತದೆ, ಇದು ಬೇರೆ ಅಂತ ನಿನ್ನ ಮೈಗೆ ಗೊತ್ತಾಗುತ್ತದೆ. ಮಷಿನ್ ನಿಲ್ಲಿಸಬೇಡ, ಹಾಗೇ ಬಂದು ಬಾಗಿಲು ತೆಗೆ.

ನಿನ್ನ ತಮ್ಮ